ಕದ ಮುಚ್ಚಿದ ಹಗಲು

ಕಲಬುರಗಿ, ಇಸವಿ ೨೩೧೪, ಎರಡನೆಯ ಬೇಸಿಗೆ

ಹಿಂದಿನ ಕಾಲದ ಅಕ್ಕಾ,

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿ, ಹಗಲು ಪಾಳಿಯೋ ರಾತ್ರಿ ಪಾಳಿಯೋ ಎಂದು ಯೋಚಿಸುತ್ತ ಕುಳಿತಿರುವ ನಿಮಗೆ ಈ ಕಾಗದ. ನನ್ನ ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕನ್ನಡವನ್ನು ನಾವು ಹಳೆಯ ಪುಸ್ತಕಗಳಿಂದ ಕಲಿತವರು. ಅವುಗಳಲ್ಲಿ ಬರುವ 'ಮಧ್ಯಾಹ್ನದ ಸಂತೆ' ಎಂದರೆ ಏನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನ ಹೆಸರು ನೀಲಾಂಬಿಕಾ. ನಮ್ಮ ಬದುಕು ನಡೆಯುವುದು ರಾತ್ರಿ. ಶಾಲೆ, ಅಂಗಡಿ, ಮದುವೆ, ಎಲ್ಲವೂ ದೀಪದ ಬೆಳಕಿನಲ್ಲಿ. ಬೆಳಗಾಗುವ ಮುಂಚೆ ಎಲ್ಲರೂ ನೆಲಮನೆಗೆ, ಅಂದರೆ ಮಣ್ಣಿನಡಿ ತೋಡಿದ ಮನೆಗೆ, ಇಳಿದು ಕದ ಹಾಕಿಕೊಳ್ಳುತ್ತಾರೆ. ಅಲ್ಲಿಂದ ಹೊತ್ತು ಮುಳುಗುವವರೆಗೆ 'ಕದಮುಚ್ಚು'. ಆ ವೇಳೆಯಲ್ಲಿ ಹೊರಬಿದ್ದವರು ಹೆಚ್ಚು ದೂರ ನಡೆಯಲಾರರು. ಬಿಸಿಲಿಗೆ ಉರುಳಿದವರನ್ನು ಎತ್ತಿ ತಂದು, ಮಂಜುಗಡ್ಡೆಯ ತೊಟ್ಟಿಯಲ್ಲಿ ಮಲಗಿಸಿ ಉಳಿಸಿಕೊಳ್ಳುವುದೇ ಹಗಲು ಪಾಳಿ. ಎತ್ತಿ ತರಲು ಹೋದ ನರ್ಸೇ ಕೆಲವೊಮ್ಮೆ ತಿರುಗಿ ಬರುವುದಿಲ್ಲ.

ನಾನು ಮತ್ತು ನನ್ನ ಗೆಳತಿ ರುಖಿಯಾ ಒಟ್ಟಿಗೆ ಓದಿ ಒಂದೇ ವಾರ್ಡಿಗೆ ಸೇರಿದೆವು. ಒಬ್ಬರಿಗೆ ಹಗಲು, ಒಬ್ಬರಿಗೆ ರಾತ್ರಿ. ನೀವೇ ಮಾತಾಡಿಕೊಳ್ಳಿ ಎಂದರು ಹಿರಿಯ ಸಿಸ್ಟರ್. ರುಖಿಯಾ ಆಗ ಬಸುರಿ. ನನ್ನ ಮನೆಯಲ್ಲಿ ಹೃದಯದ ಕಾಯಿಲೆಯ ಅವ್ವ ಒಬ್ಬಳೇ. ನೆಲಮನೆಗೆ ಗಾಳಿ ತಳ್ಳುವ ಯಂತ್ರ ಆಗಾಗ ಕೆಡುತ್ತಿತ್ತು. ಕೆಟ್ಟಾಗ ಅವಳಿಗೆ ಒದ್ದೆ ಬಟ್ಟೆ ಹೊದಿಸಿ ಬೀಸಲು ಯಾರಾದರೂ ಬೇಕು. ನನಗೆ ರಾತ್ರಿ ಪಾಳಿಯೇ ಬೇಕಿತ್ತು.

ಅವ್ವ ಬಿಡಲಿಲ್ಲ.

"ಬಸುರಿ ಹೆಣ್ಣಮಗಳಿಗಿ ಆ ಬೆಂಕ್ಯಾಗ ಕಳಸಿ, ನೀ ಮನ್ಯಾಗ ಕುಂತು ನನಗ ಗಾಳಿ ಹಾಕ್ತಿಯೇನು? ಹಗಲ ತಗೋ," ಎಂದಳು.

ತೆಗೆದುಕೊಂಡೆ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದು ಹೇಗೋ ಕಳೆಯಿತು. ಎರಡನೆಯದು ಶುರುವಾದ ಮೇಲೆ ಒಂದು ನಡುಹಗಲು ವಾರ್ಡಿಗೆ ಅವ್ವನ ಫೋನು ಬಂತು.

"ಗಾಳಿ ನಿಂತದ, ನೀಲಾ. ಸುಮ್ಮ ಹೇಳಿದೆ. ನೀ ಬರಬ್ಯಾಡ."

ಹೋಗುವ ಹಾಗೂ ಇರಲಿಲ್ಲ. ತೊಟ್ಟಿಗಳೆಲ್ಲ ತುಂಬಿದ್ದವು, ನರ್ಸ್ ನಾನೊಬ್ಬಳೇ. ರುಖಿಯಾಳ ಮನೆ ನಮ್ಮ ಓಣಿಯಲ್ಲೇ ಇದೆ. ನಾನು ಬಾಯಿ ತೆರೆಯುವ ಮುಂಚೆಯೇ ಅವ್ವನಿಗೆ ತಿಳಿದುಹೋಯಿತು.

"ಆಕಿಗಿ ಹೇಳಬ್ಯಾಡ. ಹೇಳಿದ್ರ ಓಡಿ ಬರ್ತಾಳ."

ಫೋನನ್ನು ಹೆಗಲಿಗೆ ಒತ್ತಿಕೊಂಡು, ಯಾರದೋ ಮಗಳ ಕತ್ತಿಗೆ ಮಂಜುಗಡ್ಡೆ ಉಜ್ಜುತ್ತ ಕೇಳಿಸಿಕೊಂಡೆ. ಪುಂಡಿಪಲ್ಯ ಮುಚ್ಚಿಟ್ಟೀನಿ, ಬಂದ ಮ್ಯಾಲ ಉಣ್ಣು ಎಂದಳು. ಆಮೇಲೆ ಬರೀ ಉಸಿರು. ಆಮೇಲೆ ಅದೂ ಇಲ್ಲ. ನಾನು ರುಖಿಯಾಳಿಗೆ ಫೋನ್ ಮಾಡಲಿಲ್ಲ. ಮಾಡಬೇಕಿತ್ತೇ ಎಂದು ಯಾರನ್ನು ಕೇಳಲಿ? ತೊಟ್ಟಿಯಲ್ಲಿದ್ದ ಹುಡುಗಿ ಕಣ್ಣು ತೆರೆದು ನೀರು ಕೇಳಿದಳು, ಕೊಟ್ಟೆ.

ಹೊತ್ತು ಮುಳುಗಿದೊಡನೆ ಓಡಿದೆ. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಹೊದ್ದ ಒದ್ದೆ ಸೀರೆ ಒಣಗಿ ಸೆಟೆದುಕೊಂಡಿತ್ತು. ಹಿಂದೆಯೇ ರುಖಿಯಾ ಹೊಟ್ಟೆ ಹಿಡಿದುಕೊಂಡು ಬಂದಳು.

"ನಾಕು ಬಾಗಲ ದಾಟಿದ್ರ ಸಾಕಿತ್ತು. ನನಗ್ಯಾಕ ಹೇಳಲಿಲ್ಲ ನೀ?"

ಆಮೇಲೆ ಹೆರಿಗೆಯಾಗುವವರೆಗೂ ಅವಳು ನನ್ನೊಡನೆ ಮಾತಾಡಲಿಲ್ಲ. ಹೆಣ್ಣು ಕೂಸು. ನಿನ್ನೆ ಅದನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು.

"ನಾಳಿಂದ ಹಗಲ ನಂದು. ಸಿಸ್ಟರ್‌ಗ ಹೇಳಿ ಬಂದೀನಿ. ನೀ ರಾತ್ರಿ ಹೋಗು, ಹಗಲೆಲ್ಲ ಈಕಿ ಸಂಗಾಟ ಇರು."

ಬೇಡವೆಂದೆ, ಬೈದೆ, ಕಾಲು ಹಿಡಿದೆ. ಕೇಳಲಿಲ್ಲ. ಇವತ್ತು ಬೆಳಕು ಹರಿಯುವ ಮುಂಚೆ ಕೂಸಿಗೆ ಹಾಲೂಡಿಸಿ ಮೆಟ್ಟಿಲು ಹತ್ತಿ ಹೋದಳು. ಹಗಲು ಪಾಳಿ ಮಾಡಿ ತಲೆ ನರೆತವರನ್ನು ನಾನು ಈವರೆಗೆ ಕಂಡಿಲ್ಲ.

ಅಕ್ಕಾ, ನೀವು ಯಾವ ಪಾಳಿಯನ್ನೇ ತೆಗೆದುಕೊಳ್ಳಿ, ಕೆಲಸ ಮುಗಿದ ಮೇಲೆ ಮನೆ ಸೇರುತ್ತೀರಿ. ನಮಗೆ ಆ ಹಗಲು ಬೇಕು. ಅದನ್ನು ಹೇಗೆ ಉಳಿಸಬೇಕೆಂದು ನಾನು ಹೇಳಲಾರೆ. ನನಗೆ ತಿಳಿದಿರುವುದು ಬೇಡುವುದೊಂದೇ. ನಿಮ್ಮಲ್ಲಿ ಕೂಸುಗಳಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿನಲ್ಲಿ ಮಲಗಿಸುತ್ತಾರಂತೆ. ಓದಿ ಹೇಳಿದರೆ ರುಖಿಯಾ ನಂಬಲಿಲ್ಲ, ಸುಳ್ಳಿಗೂ ಒಂದು ಮಿತಿ ಬೇಡವೇ ಎಂದಳು. ಅದು ನಿಜವೇ ಆಗಿದ್ದರೆ, ಈ ಕೂಸಿನ ಪಾಲಿಗೆ ಅಷ್ಟಾದರೂ ಬಿಸಿಲು ಇಟ್ಟು ಹೋಗಿ.

ನಿಮ್ಮ
ನೀಲಾಂಬಿಕಾ