ಎಂಬತ್ತೈದಕ್ಕೇ ನಿಂತ ಪರೀಕ್ಷೆ

ಗುರುವಾರ, ಜೂನ್ 12, ನಂಜನಗೂಡು

ಇವತ್ತೂ ರಿಸಲ್ಟ್ ಬರಲಿಲ್ಲ. ಆಸ್ಟ್ರೇಲಿಯಾದಲ್ಲಿ ನರ್ಸ್ ಆಗಲು ಬರೆದ ಪರೀಕ್ಷೆ ಎಂಬತ್ತೈದನೇ ಪ್ರಶ್ನೆಗೇ ನಿಂತುಹೋಗಿತ್ತು. ತುಂಬಾ ಚೆನ್ನಾಗಿ ಬರೆದವರಿಗೂ ಕಂಪ್ಯೂಟರ್ ಅಲ್ಲೇ ನಿಲ್ಲಿಸುತ್ತದಂತೆ, ತೀರಾ ಕೆಟ್ಟದಾಗಿ ಬರೆದವರಿಗೂ. ನಾನು ಯಾವ ಕಡೆ?

ವಾರ್ಡಿನಲ್ಲಿ ಹೆಮ್ಮಿಗೆಯ ಮಾದಯ್ಯನವರಿಗೆ ಡ್ರಿಪ್ ಹಾಕುವಾಗ ಎರಡು ಸಲ ಸೂಜಿ ತಪ್ಪಿತು. "ನಿನ್ ಗ್ಯಾನ ಎಲ್ಲದವ್ವಾ?" ಅಂದರು. ನಾಚಿಕೆಯಾಯಿತು.

ಮನೆಗೆ ಬಂದವಳೇ, ಇಷ್ಟು ದಿನ ಮುಚ್ಚಿಟ್ಟಿದ್ದ ಈ ಪರೀಕ್ಷೆಯ ವಿಷಯವನ್ನು ಅವ್ವನಿಗೆ ಹೇಳಿಬಿಟ್ಟೆ. ಅವ್ವ ಸೊಪ್ಪು ಬಿಡಿಸುತ್ತಲೇ ಅಂದಳು: "ಫೇಲಾದ್ರೆ ಇನ್ನೊಂದ್ ಸಲ ಬರುದ್ರಾಯ್ತು. ಪಾಸಾದ್ರೆ ಯಾವತ್ತು ಓಯ್ತೀಯ, ಅದ ಏಳು."

ಫೇಲಾಗುವ ಭಯದಲ್ಲಿ, ಅವ್ವನನ್ನು ಬಿಟ್ಟು ಹೋಗುವುದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ಮತ್ತೆ ಫೋನ್ ನೋಡಿದೆ. ಇನ್ನೂ ಬಂದಿಲ್ಲ. ಬಂದಿಲ್ಲವೆಂದು ಮೊದಲ ಸಲ ಒಂದು ಗಳಿಗೆ ಸಮಾಧಾನವಾಯಿತು. ಹಾಗಾದರೆ ನನಗೆ ಹೋಗಲು ಮನಸ್ಸಿಲ್ಲವೇ?