ಬಿಂದುಶ್ರೀಗೆ ಬರೆದುಕೊಡಬೇಕಾದ ಪತ್ರ

ಗುರುವಾರ, ೧೧-೯-೨೦೨೫. ಹೊಳೆನರಸೀಪುರ.

ಪತ್ರ ಇನ್ನೂ ಮುಗಿದಿಲ್ಲ. ಹಳೆಯ ವಿದ್ಯಾರ್ಥಿನಿ ಬಿಂದುಶ್ರೀ ಬೆಳಿಗ್ಗೆ ಬಂದಿದ್ದಳು. ಕಾಲೇಜಿನಲ್ಲಿ ಮುಂದಿನ ಬೆಂಚನ್ನೂ ಪಾಠದ ಟಿಪ್ಪಣಿಯನ್ನೂ ಕೋರಿ ಅರ್ಜಿ ಸಲ್ಲಿಸಿದ್ದಾಳೆ. ಬಾಲ್ಯದಿಂದಲೇ ಕಿವಿ ಮಂದವಿತ್ತೆಂದು ಶಾಲೆಯ ಉಪಾಧ್ಯಾಯರು ಬರೆದುಕೊಡಬೇಕಂತೆ. ಏಳನೆಯ ತರಗತಿಯಲ್ಲಿ, ಕರೆದರೆ ಓಗೊಡುವುದಿಲ್ಲವೆಂದು ಅವಳನ್ನು ದಿನವೂ ಹೊರಗೆ ನಿಲ್ಲಿಸುತ್ತಿದ್ದವನು ನಾನು.

"ಕಿವಿ ಕೇಳ್ತಿರ್ಲಿಲ್ಲ ಅಂತ ಬರ್ಕೊಡಿ ಸಾ, ಸಾಕು. ಆಚೆ ನಿಲ್ಲಿಸ್ತಿದ್ದದ್ದು ಬ್ಯಾಡ. ನಿಮಗ್ಯಾಕೆ ಕೆಟ್ಟ ಎಸ್ರು," ಎಂದು ನಕ್ಕಳು.

ಅವಳಿಗೆ ತಿಳಿಯದ ಸಂಗತಿಯೊಂದಿದೆ. ಆ ವರ್ಷವೇ ಅವಳ ತಾಯಿ ಶಾಲೆಗೆ ಬಂದು, "ಮಗೀಗೆ ಕಿವಿ ಸರ್ಯಾಗಿ ಕೇಳಕಿಲ್ಲ ಸಾ, ಮುಂದ್ಗಡೆ ಕೂರಿಸ್ಕಳಿ," ಎಂದು ಬೇಡಿಕೊಂಡಿದ್ದರು. ನೆಪವೆಂದು ಗದರಿ ಕಳುಹಿಸಿದೆ.

ತಾಯಿಯ ಆ ಮಾತಿಗಿಂತ ಗಟ್ಟಿಯಾದ ಸಾಕ್ಷ್ಯ ಅವಳಿಗೆ ಬೇರೆಲ್ಲೂ ದೊರೆಯದು. ಎರಡು ಹಾಳೆ ಹರಿದೆ. ಮೂರನೆಯದರಲ್ಲಿ 'ನನಗೆ ತಿಳಿದಿತ್ತು' ಎಂದು ಬರೆದಿದ್ದೇನೆ. ನಾಳೆ ಒಂಬತ್ತಕ್ಕೆ ಬರುತ್ತಾಳೆ. ನನ್ನೆದುರಿಗೇ ಓದುತ್ತಾಳೆ. ಆಗ ನಾನು...