ಕಾಲರಿನ ಒಳಗಿನ ಕೆಂಪು ಗಂಟು

ಭಾನುವಾರ, ಇಪ್ಪತ್ತನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಪತ್ರ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ನಿಂತುಕೊಂಡು ಸಿಟ್ಟಿನಲ್ಲಿ, ಎರಡನೇ ಸಲ ಕೂತುಕೊಂಡು. ಫೋನಿನಲ್ಲಿ ಮಾತು ಶುರುವಾದ ಮೂರನೇ ನಿಮಿಷಕ್ಕೆ ನೀನು ಹೆಡ್‌ಮಿಸ್ ಆಗಿಬಿಡುತ್ತೀಯ, ನಾನು ತರಗತಿಯ ಹೊರಗೆ ನಿಂತ ಹುಡುಗಿಯಾಗಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಅಮ್ಮನನ್ನು ಸಿಸ್ಟರ್‌ಗಳ ಮನೆಗೆ, ಆ ಸನ್ಯಾಸಿನಿಯರು ನಡೆಸುವ ವೃದ್ಧಾಶ್ರಮಕ್ಕೆ, ಸೇರಿಸಿ ಇವತ್ತಿಗೆ ಇಪ್ಪತ್ತು ದಿನ. ಮೊದಲ ಮೂವತ್ತು ದಿನ ನೋಡುತ್ತಾರೆ. ಅಷ್ಟರೊಳಗೆ ಮಕ್ಕಳೆಲ್ಲರೂ ಸಹಿ ಹಾಕಿದರೆ ಕೊನೆಯವರೆಗೂ ಅವರೇ ನೋಡಿಕೊಳ್ಳುತ್ತಾರೆ. ಒಂದು ಸಹಿ ಕಡಿಮೆಯಾದರೂ ವಾಪಸ್ಸು ಕಳಿಸುತ್ತಾರೆ. ಒಬ್ಬ ಮಗಳು ತಂದು ಸೇರಿಸುವುದು, ಇನ್ನೊಬ್ಬಳು ಬಂದು ರಂಪ ಮಾಡಿ ಕರೆದೊಯ್ಯುವುದು, ನಡುವೆ ಮುದುಕಿ ಹೈರಾಣಾಗುವುದು, ಇದನ್ನು ನೋಡಿ ನೋಡಿ ಸಾಕಾಗಿ ಮಾಡಿದ ನಿಯಮವಂತೆ. ನನ್ನ ಸಹಿಯ ಕೆಳಗೆ ನಿನ್ನ ಜಾಗ ಖಾಲಿ ಇದೆ. ಇನ್ನು ಹತ್ತು ದಿನ ಬಾಕಿ.

ಜನ್ಮದಲ್ಲಿ ಪ್ರಾರ್ಥನೆ ಮಾಡದವಳನ್ನು ದಿನಕ್ಕೆರಡು ಸಲ ಪ್ರಾರ್ಥನೆ ಮಾಡುವವರ ಕೈಗೆ ಕೊಟ್ಟೆಯಲ್ಲೇ, ಎಂದು ಬರೆದಿದ್ದೀಯ. ನನಗೆ ನೆನಪಿಲ್ಲವೇ? ಹೊಲಿಗೆ ಅಂಗಡಿಗೆ ಬಂದು ದೇವರ ವಿಷಯ ಎತ್ತಿದ ಗಿರಾಕಿಗಳಿಗೆಲ್ಲ ಅಮ್ಮ, ಇದ್ರೆ ಒಂದಿನ ಅಂಗಡಿಗೆ ಕಳ್ಸಿ, ಅಳತೆ ತಗೋತೀನಿ ಅನ್ನುತ್ತಿದ್ದಳು. ಅಪ್ಪ ಹೋದ ಮೇಲೆ ಆ ನಗೆಯೂ ನಿಂತಿತು, ಸಿಟ್ಟು ಮಾತ್ರ ಉಳಿಯಿತು.

ಆದರೂ ಅಲ್ಲಿಗೇ ಹೋದೆ. ಅದಕ್ಕೂ ಮುಂಚೆ ಬೇರೆ ಕಡೆ ನೋಡಿ ಬಂದಿದ್ದೆ ಕಣೇ. ಒಂದು ಕಡೆ ಬಾಗಿಲಲ್ಲೇ ದೊಡ್ಡ ಮೀನಿನ ತೊಟ್ಟಿ, ಗಾಜಿನ ಲಿಫ್ಟು. ಮ್ಯಾನೇಜರು ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಇವರು ರಾತ್ರಿ ಎದ್ದು ಓಡಾಡ್ತಾರಾ ಅಂತ ನನ್ನನ್ನು ಕೇಳಿದ. ಅಮ್ಮ ಮೀನು ನೋಡುತ್ತಿದ್ದಳು. ಇನ್ನೊಂದು ಕಡೆ ಹೆಸರು ಬರೆಸಿ ಬಂದೆ, ಇವತ್ತಿಗೂ ಉತ್ತರವಿಲ್ಲ. ಸಿಸ್ಟರ್‌ಗಳ ಮನೆ ಹಳೆಯದು. ಮೆಟ್ಟಿಲ ಅಂಚು ಸವೆದಿದೆ, ಹಜಾರವೆಲ್ಲ ಫಿನಾಯಿಲ್ ವಾಸನೆ. ಲಾಭಕ್ಕೆ ನಡೆಸುವುದಲ್ಲವಾದ್ದರಿಂದ ಹೊಸ ಬಣ್ಣ ಕಂಡು ಎಷ್ಟು ವರ್ಷವಾಯಿತೋ. ಆದರೆ ಹಿರಿಯ ಸಿಸ್ಟರ್ ಬಂದವರೇ ಅಮ್ಮನ ಕುರ್ಚಿಯ ಮುಂದೆ ನೆಲದ ಮೇಲೆ ಕೂತರು. ಮಂಡಿ ನೋವಿಗೆ ಉಸ್ಸಪ್ಪಾ ಅಂದರು. ಆಮೇಲೆ ಅಮ್ಮನನ್ನೇ ನೋಡಿ, ನೀವು ಏನ್ ಕೆಲಸ ಮಾಡ್ತಿದ್ರಿ ಅಂತ ಕೇಳಿದರು. ಅಮ್ಮ ಅವರ ತೋಳು ಹಿಡಿದೆಳೆದು, ಈ ಹೊಲಿಗೆ ಯಾರು ಹಾಕಿದ್ದು, ಕೈ ಮುರೀಬೇಕು ಅಂದಳು. ಸಿಸ್ಟರ್ ಬಿದ್ದು ಬಿದ್ದು ನಕ್ಕರು. ಹೊಲಿದವರು ಅವರೇ.

ನಂಬಿಕೆ ಇದೆಯೇ ಎಂದು ಅವರು ಕೇಳಲಿಲ್ಲ. ಇಲ್ಲವೆಂದು ನಾನೇ ಹೇಳಿದೆ. ಪರವಾಗಿಲ್ಲ, ಆ ಕೆಲಸಕ್ಕೆ ನಾವಿದ್ದೀವಿ ಅಂದರು.

ಇನ್ನು ಅಮ್ಮ ಬಾಗಿಲಲ್ಲಿ ಕೂತಿದ್ದರ ವಿಷಯ. ಮೊದಲ ವಾರ ನೀನು ಫೋನು ಮಾಡಿದಾಗಲೆಲ್ಲ, ಕೋಟು ಹಾಕ್ಕೊಂಡು ಮುಂಬಾಗಿಲ ಹತ್ರ ಕೂತಿದಾರೆ ಅಂತ ಯಾರೋ ಹೇಳಿದರಂತೆ. ಅಮ್ಮ ಮನೆಗೆ ಹೋಗಬೇಕೆಂದು ಕಾಯುತ್ತಿದ್ದಾಳೆ ಎಂದು ನೀನು ತೀರ್ಮಾನಿಸಿದೆ. ನಾನೂ ಹಾಗೇ ಅಂದುಕೊಂಡು ಬಸ್ಸಿನಲ್ಲಿ ಅತ್ತಿದ್ದೇನೆ. ಆದರೆ ತಪ್ಪು ನನ್ನದು, ಕೇಳು.

ಬಟ್ಟೆ ಒಗೆಯುವ ಕಡೆ ಅದಲು ಬದಲಾಗದಂತೆ ಗುರುತು ಹಾಕಿ ತನ್ನಿ ಎಂದಿದ್ದರು. ಅಮ್ಮನ ಹಾಸಿಗೆ ಮೂರನೆಯದು. ಟೈಲರ್ ಮಗಳಲ್ಲವೇ, ಯೋಚನೆಯನ್ನೇ ಮಾಡದೆ ಪ್ರತಿ ಬಟ್ಟೆಯ ಕಾಲರಿನ ಒಳಗೆ ಕೆಂಪು ದಾರದಲ್ಲಿ ಮೂರು ಗಂಟು ಹಾಕಿದೆ. ಅಂಗಡಿಯ ಪದ್ಧತಿ ನಿನಗೆ ನೆನಪಿರಬೇಕು. ಹೊಲಿದಿಟ್ಟ ಬಟ್ಟೆಗೆ ಕೆಂಪು ಗಂಟು, ಗಿರಾಕಿ ಬಂದು ಒಯ್ಯುವಾಗ ಅವರ ಎದುರಿಗೇ ಕತ್ತರಿಸುವುದು. ಗಂಟು ಇರುವವರೆಗೆ ಅದರ ಜವಾಬ್ದಾರಿ ಅಮ್ಮನದು. ನಮ್ಮ ಯೂನಿಫಾರಮ್ಮಿಗೂ ಇತ್ತಲ್ಲ, ನಿನ್ನದಕ್ಕೆ ಒಂದು, ನನ್ನದಕ್ಕೆ ಎರಡು. ಅದನ್ನು ಯಾಕೆ ಕತ್ತರಿಸಲ್ಲ ಅಂತ ಕೇಳಿದ್ದಕ್ಕೆ, ಮನೆ ಬಟ್ಟೆಗೆ ಡೆಲಿವರಿ ಇಲ್ಲ ಕಣೇ ಅಂದಿದ್ದಳು.

ಎಲ್ಲ ಮರೆತರೂ ಆ ಪದ್ಧತಿ ಮರೆಯದ ಅಮ್ಮ ತನ್ನ ಕಾಲರನ್ನು ತಡಕಿ ನೋಡಿದ್ದಾಳೆ. ಮೂರು ಗಂಟು ಸಿಕ್ಕಿವೆ. ಯಾರದೋ ಬಟ್ಟೆ ತನ್ನ ಮೈಮೇಲಿದೆ, ಗಿರಾಕಿ ಬಂದು ಕೇಳಿದರೆ ಮಾನ ಹೋಗುತ್ತದೆ ಎಂದು ದಿನವಿಡೀ ಬಾಗಿಲು ಕಾದಿದ್ದಾಳೆ. ಮನೆಗೆ ಹೋಗಲಿಕ್ಕಲ್ಲ ಅಕ್ಕಾ, ಬಟ್ಟೆ ತಲುಪಿಸಲಿಕ್ಕೆ. ಎಂಟನೇ ದಿನ ನಾನು ಹೋದಾಗ, ನಿಮ್ದೇ ಏನಮ್ಮಾ ಇದು, ಎಷ್ಟು ದಿನ ಕಾಯ್ಸೋದು ಅಂತ ಬೈದು ಕಾಲರ್ ಬಿಡಿಸಿ ತೋರಿಸಿದಳು. ಹೌದು ನಂದೇ ಅಂದೆ. ಕತ್ತರಿ ಇಸ್ಕೊಂಡು ಎಲ್ಲ ಬಟ್ಟೆಯ ಗಂಟನ್ನೂ ಅವಳ ಕೈಯಿಂದಲೇ ಕತ್ತರಿಸುವಂತೆ ಮಾಡಿದೆ. ಈಗ ಬಿಳಿ ಪಟ್ಟಿಯಲ್ಲಿ ಹೆಸರು ಬರೆದು ಹೊಲಿದಿದ್ದೇನೆ.

ಅವತ್ತಿನಿಂದ ಅವಳು ಬಾಗಿಲ ಕಡೆ ಹೋಗಿಲ್ಲ. ಬೆಳಿಗ್ಗೆ ಎದ್ದರೆ ಹೊಲಿಗೆ ಕೋಣೆ. ಹರಿದ ದಿಂಬಿನ ಚೀಲ, ಗುಂಡಿ ಕಿತ್ತುಹೋದ ಅಂಗಿ ಎಲ್ಲ ಅವಳ ಮುಂದೆ ಬರುತ್ತವೆ. ಒಬ್ಬ ಸಿಸ್ಟರ್ ಪಕ್ಕದಲ್ಲೇ ಕೂತು ಸೂಜಿ ಎಣಿಸಿಕೊಡುತ್ತಾರೆ, ಎಣಿಸಿ ವಾಪಸ್ಸು ತೆಗೆದುಕೊಳ್ಳುತ್ತಾರೆ. ಸಂಜೆಯ ಪ್ರಾರ್ಥನೆಗೂ ಹೋಗುತ್ತಾಳೆ. ಎಲ್ಲರೂ ಕಣ್ಣು ಮುಚ್ಚಿದಾಗ ಇವಳು ಮುಂದಿನವರ ಗೌನಿನ ಅಂಚು ನೋಡಿ, ಬಿಚ್ಕೊಂಡಿದೆ ನೋಡ್ರೀ ಅಂತ ಜೋರಾಗಿ ಹೇಳುತ್ತಾಳಂತೆ. ಯಾರೂ ಗದರುವುದಿಲ್ಲ. ಮಾರನೆಯ ದಿನ ಆ ಗೌನು ಹೊಲಿಗೆ ಕೋಣೆಗೆ ಬಂದಿರುತ್ತದೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ನಾನು ಕಳಿಸಿದ ಫೋಟೋದಲ್ಲಿ ಅಮ್ಮನ ಮಣಿಕಟ್ಟಿನ ಕಲೆ ಏನು ಎಂದು ನೀನು ಕೇಳಿದ್ದೀಯ. ಬಚ್ಚಲಮನೆಯ ಚಿಲಕ ತಾಗಿತು ಎಂದಿದ್ದೆ. ಚಿಲಕವಲ್ಲ. ನನ್ನ ಕೈ.

ಆರು ವರ್ಷದಿಂದ ಮನೆಯಲ್ಲಿ ಅವಳು ಕೈಗೆ ಸಿಕ್ಕಿದ್ದರ ಹೊಲಿಗೆಯನ್ನೆಲ್ಲ ಬಿಚ್ಚುತ್ತಿದ್ದಳು. ಪರದೆ, ದಿಂಬು, ನನ್ನ ಪ್ಯಾಂಟು. ನಾನು ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ದಿನವೆಲ್ಲ ಹಲ್ಲುನೋವಿನವರಿಗೆ ನಗುಮುಖ ತೋರಿಸಿ ಬಂದು, ಸಂಜೆ ಅವಳು ಬಿಚ್ಚಿದ್ದನ್ನು ಹೊಲಿಯುತ್ತಿದ್ದೆ. ಆ ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕು, ನೋಡಿದರೆ ನನ್ನ ಕೋಟಿನ ಲೈನಿಂಗ್ ಪೂರ್ತಿ ಬಿಚ್ಚಿ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಾಳೆ. ಕತ್ತರಿ ಕಿತ್ತುಕೊಳ್ಳಲು ಕೈ ಹಿಡಿದೆ. ಕತ್ತರಿ ಕೆಳಗೆ ಬಿತ್ತು. ಬಿದ್ದ ಮೇಲೂ ನಾನು ಕೈ ಬಿಡಲಿಲ್ಲ ಅಕ್ಕಾ. ಅವಳು ನೋವಿಗೆ ಮುಖ ಕಿವಿಚಿದ್ದು ಕಂಡಿತು, ಆದರೂ ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದೆ.

ಅವತ್ತು ಕೆಲಸಕ್ಕೆ ಹೋಗದೆ ಅಮ್ಮನನ್ನು ಕರೆದುಕೊಂಡು ನೇರವಾಗಿ ಸಿಸ್ಟರ್‌ಗಳ ಮನೆಗೆ ಹೋಗಿ ಅರ್ಜಿ ಕೇಳಿದೆ. ನಮ್ಮನ್ನೇ ಯಾಕೆ ಆರಿಸಿಕೊಂಡಿರಿ ಎಂಬಲ್ಲಿ, ಇಲ್ಲಿ ಶಾಂತಿಯಿದೆ ಎಂದು ಬರೆದೆ. ಬರೆದು ಹಿರಿಯ ಸಿಸ್ಟರ್ ಕೈಗೆ ಕೊಡುವಾಗ ತಡೆಯಲಾಗದೆ ನಿಜ ಹೇಳಿಬಿಟ್ಟೆ. ದೇವರು ಕ್ಷಮಿಸುತ್ತಾನೆ ಅಂತಲೋ ಏನೋ ಹೇಳುತ್ತಾರೆ, ಹೇಳಿದರೆ ಎದ್ದು ಹೊರಟುಬಿಡುವುದು ಅಂದುಕೊಂಡಿದ್ದೆ. ಇವತ್ತು ಏನಾದ್ರೂ ತಿಂದ್ಯೇನಮ್ಮಾ ಅಂತ ಕೇಳಿದರು. ಅಷ್ಟೇ. ನಾನು ಆ ಮನೆಯನ್ನು ಆರಿಸಿದ್ದು ಅವರ ದೇವರಿಗಾಗಿ ಅಲ್ಲ, ಆ ಒಂದು ಪ್ರಶ್ನೆಗಾಗಿ. ಆರು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ. ನೀನೂ ಕೇಳಲಿಲ್ಲ. ಇದು ಚುಚ್ಚುವ ಮಾತೇ, ಅಳಿಸುವುದಿಲ್ಲ.

ಅಮ್ಮನಿಗೆ ಈಗ ನಾನು ಯಾರೆಂದು ಗೊತ್ತಿಲ್ಲ. ಕೋಟಿನವಳು ಅನ್ನುತ್ತಾಳೆ. ಇವತ್ತು ಬೆಳಿಗ್ಗೆ ಹೋದಾಗಲೂ, ಕೋಟಿನವಳು ಬಂದ್ಲು ಅಂತ ಸಿಸ್ಟರ್‌ಗೆ ಹೇಳಿ, ಜೋತಾಡುತ್ತಿದ್ದ ಲೈನಿಂಗ್ ನೋಡಿ ನಾಚಿಕೆ ಆಗಲ್ವಾ ಅಂತ ಬೈದು ಕೋಟು ಕಸಿದುಕೊಂಡಳು. ಒಂದು ಗಂಟೆ ಕಾಯಿಸಿ ಹೊಲಿದು ಕೊಟ್ಟಳು, ಕೈಯಲ್ಲಿ ಹಿಡಿದೇ ಮನೆಗೆ ಬಂದೆ. ನಾನೇ ಹೊಲಿದುಕೊಳ್ಳಬಹುದಿತ್ತು. ಇಷ್ಟು ದಿನ ಅದನ್ನು ಮುಟ್ಟಲು ಮನಸ್ಸು ಬಂದಿರಲಿಲ್ಲ.

ಸಹಿ ಮಾಡು ಎಂದು ಬೇಡಿಕೊಳ್ಳುವುದಿಲ್ಲ. ಬೇಡವೆನ್ನಿಸಿದರೆ ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು. ನನ್ನ ಹತ್ತಿರ ಮಾತ್ರ ಬಿಡಬೇಡ. ನನಗೆ ಅವಳ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಸುಸ್ತಾಗಿದೆ ಅಕ್ಕಾ, ನನ್ನ ಕೈಯನ್ನು ಕಂಡರೆ ನನಗೇ ಭಯ.

ಇನ್ನು ಬರೆಯಲು ತ್ರಾಣವಿಲ್ಲದ,
ನಿನ್ನ ಹಿಂದೆ ಹಿಂದೆ ಸುತ್ತುತ್ತಿದ್ದ
ಬಾಲ

ತಾ.ಕ.: ಪತ್ರ ಪೆಟ್ಟಿಗೆಗೆ ಹಾಕಲು ಹೊರಟು ಕೋಟು ತೊಟ್ಟುಕೊಂಡೆ. ಕುತ್ತಿಗೆಗೆ ಏನೋ ಒತ್ತಿದಂತಾಯಿತು. ಬಿಚ್ಚಿ ನೋಡಿದರೆ ಕಾಲರಿನ ಒಳಗೆ ಕೆಂಪು ದಾರ. ಎರಡು ಗಂಟು. ನಾನು ಕತ್ತರಿಸಿಲ್ಲ. ಬರುವಾಗ ನೀನೂ ಕೋಟು ಹಾಕಿಕೊಂಡು ಬಾ.